ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಗೆ ಯೂಟ್ಯೂಬ್ ನೋಡಿ ಓದುವವರಿಗೆ

ಯಾವ ಚಾನೆಲ್ ಒಳ್ಳೇದು ಅಂತ ಸುಮಾರು ಜನ ಕೇಳಿದ್ದೀರಿ. ಚಾನೆಲ್‌ಗಿಂತ ನೋಡುವ ರೀತಿ ಮುಖ್ಯ. ನಾನು ಎರಡು ತಿಂಗಳು ಬೇಲೂರು–ಹಾಸನ ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡು ಸುಮ್ನೆ ನೋಡಿದೆ. ಎಲ್ಲ ಅರ್ಥವಾದ ಹಾಗಿತ್ತು. ಬಾಯಿ ಬಿಟ್ಟರೆ ಎರಡು ವಾಕ್ಯಕ್ಕೇ ಗಾಡಿ ನಿಂತಿತು.

ಲಿಸನಿಂಗ್‌ನಲ್ಲಿ 40 ಪ್ರಶ್ನೆ, ಆಡಿಯೋ ಒಂದೇ ಸಲ ಕೇಳಿಸುತ್ತಾರೆ. ಆದ್ದರಿಂದ ಮನೆಯಲ್ಲೂ ಆಡಿಯೋ ಮಧ್ಯೆ ನಿಲ್ಲಿಸಬೇಡಿ, ಸಬ್‌ಟೈಟಲ್ ತೆಗೆಯಿರಿ. ಉತ್ತರ ಬರೆದೇ ನೋಡಿ. ಸ್ಪೆಲ್ಲಿಂಗ್ ತಪ್ಪಿದರೂ ಅಂಕ ಹೋಗುತ್ತದೆ.

ಸ್ಪೀಕಿಂಗ್‌ನ ಎರಡನೇ ಭಾಗದಲ್ಲಿ ಯೋಚಿಸಲು 1 ನಿಮಿಷ, ಮಾತಾಡಲು 2 ನಿಮಿಷದವರೆಗೆ. ವಿಡಿಯೋದಲ್ಲಿ ಪ್ರಶ್ನೆ ಬಂದ ತಕ್ಷಣ ನಿಲ್ಲಿಸಿ, ಮೊದಲು ನೀವೇ ಮಾತಾಡಿ, ಫೋನಿನಲ್ಲಿ ರೆಕಾರ್ಡ್ ಮಾಡಿ. ಆಮೇಲೆ ಅವರ ಉತ್ತರ ಕೇಳಿ. 'ನಿಮ್ಮೂರಿನ ಹಬ್ಬ' ಅಂತ ಬಂದಾಗ ನಾನು ಹಾಸನಾಂಬೆ ದರ್ಶನದ ಕ್ಯೂ ಬಗ್ಗೆ ಹೇಳಿದೆ. ಕೇಳಿ ನೋಡಿದರೆ 11 ಸಲ 'ಆಕ್ಚುಲಿ'! ನಾಚಿಕೆಯಾಯಿತು, ಆದರೆ ಅಲ್ಲಿಂದಲೇ ಸರಿಹೋಗಿದ್ದು.

'ಈ ಉತ್ತರ ಬಾಯಿಪಾಠ ಮಾಡಿ, ಬ್ಯಾಂಡ್ 9 (ಗರಿಷ್ಠ ಅಂಕ) ಗ್ಯಾರಂಟಿ' ಅನ್ನುವ ವಿಡಿಯೋಗಳನ್ನು ಬಿಟ್ಟುಬಿಡಿ. ಉರು ಹೊಡೆದಿದ್ದು ಕೇಳಿದ ಕೂಡಲೇ ಗೊತ್ತಾಗುತ್ತೆ ಅಲ್ವಾ?

ಜೊತೆಗೆ ಮಾತಾಡಿ ಅಭ್ಯಾಸ ಮಾಡುವವರಿದ್ದರೆ ಭಾನುವಾರ ಸಂಜೆ ಹಾಸನದ ಮಹಾರಾಜ ಪಾರ್ಕ್ ಹತ್ತಿರ ಸಿಗೋಣ.