ಮೊದಲು 90 ಡಿಗ್ರಿ ಎಲ್ಲಿದೆ ಹುಡುಕಿ

ನಮ್ಮಪ್ಪ ಗಾರೆ ಕೆಲಸದ ಮೇಸ್ತ್ರಿ. ಓದಿದ್ದು ನಾಲ್ಕನೇ ಕ್ಲಾಸು. ದಾವಣಗೆರೆಯಲ್ಲಿ 30-40 ಸೈಟಿಗೆ ಗುರುತು ಹಾಕುವ ದಿನ ಸುಣ್ಣದ ಪುಡಿ, ದಾರ, ಗೂಟ, ಟೇಪು ಇಟ್ಟುಕೊಂಡು ನಿಲ್ಲುತ್ತಿದ್ದರು. ನಾಲ್ಕೂ ಬದಿ ಅಳೆದಾದ ಮೇಲೆ ಟೇಪಿನ ತುದಿ ನನ್ನ ಕೈಗೆ ಕೊಟ್ಟು, "ಆ ಮೂಲೆಗೆ ಹೋಗಿ ಹಿಡಕೊಳ್ಳವ್ವಾ" ಅನ್ನುತ್ತಿದ್ದರು. ಎದುರು ಮೂಲೆಗೆ ಸರಿಯಾಗಿ 50 ಅಡಿ ಬರಬೇಕು. ಮೂರು ಇಂಚು ಜಾಸ್ತಿ ಬಂದರೂ ಗೂಟ ಕಿತ್ತು ಮತ್ತೆ ಹೊಡೆಯುವುದು. ಮೂಲೆ ಸೊಟ್ಟ ಆದರೆ ಗೋಡೆ ಸೊಟ್ಟ. ಆಮೇಲೆ ಟೈಲ್ಸ್ ಹಾಕುವವನ ಕೈಲಿ ಬೈಸಿಕೊಳ್ಳಬೇಕು.

ಅಂಥವರ ಮಗಳು ನಾನು ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದೆ. ಪೈಥಾಗೊರಸ್ ಪ್ರಮೇಯ ಬಾಯಿಪಾಠ ಇತ್ತು. ಅದು ಅಪ್ಪನ ಟೇಪಿನಲ್ಲಿ ಇದೆ ಅಂತ ಹೊಳೆದೇ ಇರಲಿಲ್ಲ. ಎರಡನೇ ಸಲ ಪಾಸಾಗಿ, ಬಿಎಸ್ಸಿ, ಬಿಎಡ್ ಮಾಡಿ, ಈಗ ಮನೆಯ ಹಾಲಿನಲ್ಲೇ ಟ್ಯೂಷನ್ ಹೇಳುತ್ತೇನೆ. ರೇಖಾಗಣಿತದ ಲೆಕ್ಕ ಎದುರಿಗೆ ಬಂದಾಗ ಏನು ಮಾಡಬೇಕು ಅಂತ ನಮ್ಮ ಮಕ್ಕಳಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಹೇಳುವುದು ಒಂದೇ ಮಾತು. ಲಂಬಕೋನ ತ್ರಿಭುಜ ಹುಡುಕಿ. ತ್ರಿಭುಜ, ವೃತ್ತ, ತ್ರಿಕೋನಮಿತಿ, ಘನಫಲ ಬೇರೆ ಬೇರೆ ಅಧ್ಯಾಯ ಅನ್ನಿಸುತ್ತವೆ. ಆದರೆ ಮುಕ್ಕಾಲು ಪಾಲು ಲೆಕ್ಕಗಳ ಹೊಟ್ಟೆಯಲ್ಲಿ ಒಂದು 90 ಡಿಗ್ರಿ ಕೂತಿರುತ್ತದೆ. ಅದು ಕಂಡರೆ ಅರ್ಧ ಕೆಲಸ ಮುಗಿಯಿತು.

ಕಾಣಬೇಕಾದರೆ ಚಿತ್ರ ಬೇಕು. ಕೈಯಲ್ಲೇ ಎಳೆಯಿರಿ, ಪರವಾಗಿಲ್ಲ, ಆದರೆ ದೊಡ್ಡದಾಗಿ ಎಳೆಯಿರಿ. ಅಂಚೆಚೀಟಿ ಗಾತ್ರದ ಚಿತ್ರದಲ್ಲಿ ಏನೂ ಕಾಣುವುದಿಲ್ಲ. ಪ್ರಶ್ನೆಯನ್ನು ಒಂದೊಂದೇ ವಾಕ್ಯ ಓದಿ, ಓದಿದ ಸಂಖ್ಯೆಯನ್ನು ಆಗಲೇ ಚಿತ್ರದ ಮೇಲೆ ಬರೆಯಿರಿ. ಪೂರ್ತಿ ಓದಿ ಆಮೇಲೆ ಎಳೆಯೋಣ ಅಂದರೆ ಏನಾದರೂ ಒಂದು ಬಿಟ್ಟು ಹೋಗಿರುತ್ತದೆ. ನಾನು ಫೇಲಾದ ಪರೀಕ್ಷೆಯಲ್ಲಿ ಆಗಿದ್ದೂ ಅದೇ. 'ವ್ಯಾಸ 14' ಅಂತ ಇತ್ತು, ನಾನು 14ನ್ನೇ ತ್ರಿಜ್ಯ ಮಾಡಿಕೊಂಡು ಒಂದು ಪುಟ ಲೆಕ್ಕ ಮಾಡಿದೆ. ಇವತ್ತಿಗೂ 'ವ್ಯಾಸ' ಅನ್ನುವ ಪದಕ್ಕೆ ಸುತ್ತು ಹಾಕದೆ ಮುಂದೆ ಹೋಗುವುದಿಲ್ಲ.

ಇನ್ನೊಂದು ಮಾತು. ಚಿತ್ರ ಚೆನ್ನಾಗಿ ಬಂತು ಅಂತ ಅದನ್ನೇ ನಂಬಬೇಡಿ. ಎರಡು ಗೆರೆ ಸಮ ಕಾಣುತ್ತಿವೆ ಅಂದ ಮಾತ್ರಕ್ಕೆ ಸಮ ಅಲ್ಲ. ಪ್ರಶ್ನೆ ಹೇಳಿರಬೇಕು, ಇಲ್ಲವೇ ಯಾವುದಾದರೂ ಪ್ರಮೇಯ ಹೇಳಬೇಕು.

ಈಗ ಒಂದು ಹಳೇ ಲೆಕ್ಕ ನೋಡಿ. ಎರಡನೇ ಭಾಸ್ಕರ 1150ರಲ್ಲಿ ಬರೆದ ಲೀಲಾವತಿಯಲ್ಲಿ ಇದೆ. 9 ಮೊಳ ಎತ್ತರದ ಕಂಬ. ತುದಿಯಲ್ಲಿ ನವಿಲು, ಬುಡದಲ್ಲಿ ಹಾವಿನ ಬಿಲ. ಹಾವು 27 ಮೊಳ ದೂರದಿಂದ ಬಿಲಕ್ಕೆ ಬರುತ್ತಿದೆ. ನವಿಲು ಓರೆಯಾಗಿ ಹಾರಿ ಅದನ್ನು ಹಿಡಿಯುತ್ತದೆ. ಎರಡೂ ಸಾಗಿದ ದೂರ ಸಮ. ಬಿಲದಿಂದ ಎಷ್ಟು ದೂರದಲ್ಲಿ ಹಿಡಿಯಿತು? ಮಕ್ಕಳು ಮೊದಲು ನವಿಲು ಬರೆಯಲು ಶುರು ಮಾಡುತ್ತಾರೆ. ಬರೆಯಲಿ ಬಿಡಿ. ಆಮೇಲೆ ಕಂಬ ನೆಲಕ್ಕೆ ತಾಗುವ ಕಡೆ ಒಂದು ಪುಟ್ಟ ಚೌಕ ಹಾಕಿಸುತ್ತೇನೆ, ಅದೇ 90 ಡಿಗ್ರಿ. ಬಿಲದಿಂದ ಹಿಡಿದ ಜಾಗಕ್ಕೆ ಎಕ್ಸ್ ಅಂದುಕೊಂಡರೆ, ಹಾವು ಬಂದ ದೂರ 27ರಲ್ಲಿ ಎಕ್ಸ್ ಕಳೆದಷ್ಟು. ನವಿಲಿನದ್ದೂ ಅಷ್ಟೇ. ಅದೇ ವಿಕರ್ಣ, ಅಂದರೆ 90 ಡಿಗ್ರಿಯ ಎದುರಿನ ಬಾಹು. ಪೈಥಾಗೊರಸ್ ಹೇಳಿದಂತೆ, 9ರ ವರ್ಗ ಮತ್ತು ಎಕ್ಸ್ ವರ್ಗ ಕೂಡಿದರೆ ವಿಕರ್ಣದ ವರ್ಗ. ಬಿಡಿಸಿದಾಗ ಎರಡೂ ಕಡೆಯ ಎಕ್ಸ್ ವರ್ಗ ಹೊಡೆದು ಹೋಗಿ, 54 ಎಕ್ಸ್ = 729 − 81 = 648. ಎಕ್ಸ್ 12. ಬಾಹುಗಳು 9, 12, 15. ಅಪ್ಪನ 30-40-50 ಅಂದರೆ 3-4-5ರ ಹತ್ತು ಪಟ್ಟು, ಇದು ಅದೇ 3-4-5ರ ಮೂರು ಪಟ್ಟು.

3-4-5, 5-12-13, 8-15-17, 7-24-25. ಈ ನಾಲ್ಕು ಗುಂಪು ಮತ್ತು ಅವುಗಳ ಪಟ್ಟುಗಳು ಕಣ್ಣಿಗೆ ಪರಿಚಯ ಇರಲಿ. ಪ್ರಶ್ನೆ ಮಾಡುವವರೂ ಸಲೀಸಾದ ಉತ್ತರಕ್ಕಾಗಿ ಇವನ್ನೇ ಬಳಸುತ್ತಾರೆ.

ಸಮರೂಪ ತ್ರಿಭುಜದಲ್ಲಿ, ಅಂದರೆ ಆಕಾರ ಒಂದೇ ಇದ್ದು ಗಾತ್ರ ಬೇರೆ ಇರಬಹುದಾದ ತ್ರಿಭುಜಗಳಲ್ಲಿ, ತಪ್ಪು ಆಗುವುದು ಹೆಸರಿನ ಕ್ರಮದಲ್ಲಿ. ಎಬಿಸಿ ತ್ರಿಭುಜ ಪಿಕ್ಯೂಆರ್‌ಗೆ ಸಮರೂಪ ಅಂದರೆ ಎ ಕೋನ ಪಿ ಕೋನಕ್ಕೆ ಸಮ, ಬಿ ಕೋನ ಕ್ಯೂ ಕೋನಕ್ಕೆ ಸಮ. ಮೊದಲು ಸಮ ಕೋನಗಳಿಗೆ ಒಂದೇ ಥರದ ಗುರುತು ಹಾಕಿ, ಆಮೇಲೆ ಅದೇ ಕ್ರಮದಲ್ಲಿ ಹೆಸರು ಬರೆಯಿರಿ. ಅನುಪಾತ ತಾನಾಗೇ ಸರಿ ಬರುತ್ತದೆ. ವಿಸ್ತೀರ್ಣ ಕೇಳಿದರೆ ಬಾಹುಗಳ ಅನುಪಾತದ ವರ್ಗ. 30-40 ಸೈಟಿನ ಎರಡೂ ಬದಿ ದುಪ್ಪಟ್ಟು ಮಾಡಿ 60-80 ಕೊಂಡರೆ ದುಡ್ಡು ದುಪ್ಪಟ್ಟಲ್ಲ, ನಾಲ್ಕು ಪಟ್ಟು ಬೇಕು. 1200 ಚದರಡಿ, 4800 ಚದರಡಿ. ಇದನ್ನು ಮಕ್ಕಳಿಗಿಂತ ಬೇಗ ಅವರ ಅಪ್ಪಂದಿರು ಒಪ್ಪಿಕೊಳ್ಳುತ್ತಾರೆ.

ವೃತ್ತದಲ್ಲಿ 90 ಡಿಗ್ರಿ ಬಚ್ಚಿಟ್ಟುಕೊಳ್ಳುವ ಜಾಗ ಮುಖ್ಯವಾಗಿ ಮೂರು. ಸ್ಪರ್ಶಕ ಅಂದರೆ ವೃತ್ತವನ್ನು ಒಂದೇ ಬಿಂದುವಿನಲ್ಲಿ ತಾಗುವ ಗೆರೆ; ಆ ಬಿಂದುವಿಗೆ ಎಳೆದ ತ್ರಿಜ್ಯ ಸ್ಪರ್ಶಕಕ್ಕೆ ಲಂಬ. ಜ್ಯಾ ಅಂದರೆ ವೃತ್ತದ ಮೇಲಿನ ಎರಡು ಬಿಂದು ಸೇರಿಸುವ ಗೆರೆ; ಕೇಂದ್ರದಿಂದ ಅದಕ್ಕೆ ಎಳೆದ ಲಂಬ ಆ ಜ್ಯಾವನ್ನು ಸರಿಯಾಗಿ ಅರ್ಧ ಮಾಡುತ್ತದೆ. ಅರ್ಧವೃತ್ತದೊಳಗಿನ ಕೋನ 90 ಡಿಗ್ರಿ. ಈ ಗೆರೆಗಳನ್ನು ಪ್ರಶ್ನೆಯವರು ಎಳೆದು ಕೊಡುವುದಿಲ್ಲ, ನೀವೇ ಎಳೆಯಬೇಕು. ಅದಕ್ಕೇ ಉತ್ತರ ಪತ್ರಿಕೆಯಲ್ಲಿ 'ರಚನೆ' ಅಂತ ಒಂದು ಸಾಲು ಬರೆಯುವುದು. ವೃತ್ತದ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡರೆ ಸುಮ್ನೆ ಕೂರಬೇಡಿ, ಕೇಂದ್ರದಿಂದ ಮುಖ್ಯ ಬಿಂದುಗಳಿಗೆಲ್ಲ ಗೆರೆ ಎಳೆದು ನೋಡಿ.

ಉದಾಹರಣೆಗೆ, ಒಂದೇ ಕೇಂದ್ರದ ಎರಡು ವೃತ್ತ, ತ್ರಿಜ್ಯ 13 ಮತ್ತು 5 ಸೆಂ.ಮೀ. ದೊಡ್ಡದರ ಜ್ಯಾ ಚಿಕ್ಕದನ್ನು ಸವರಿಕೊಂಡು ಹೋಗುತ್ತದೆ. ಜ್ಯಾ ಎಷ್ಟು ಉದ್ದ? ಕೇಂದ್ರದಿಂದ ಸ್ಪರ್ಶ ಬಿಂದುವಿಗೊಂದು ಗೆರೆ, ಜ್ಯಾದ ತುದಿಗೊಂದು ಗೆರೆ. 5 ಮತ್ತು 13 ಕಂಡವು, ಉಳಿದದ್ದು 12. ಅಷ್ಟಕ್ಕೇ ನಿಲ್ಲಿಸಿ 12 ಅಂತ ಬರೆದು ಬರುವವರು ಪ್ರತಿ ವರ್ಷ ಇರುತ್ತಾರೆ. 12 ಅರ್ಧ ಜ್ಯಾ. ಉತ್ತರ 24. ಕೊನೆಯ ಸಾಲು ಬರೆಯುವ ಮೊದಲು ಪ್ರಶ್ನೆಯ ಕೊನೆಯ ವಾಕ್ಯ ಇನ್ನೊಮ್ಮೆ ಓದಿ.

ನನಗೆ ತುಂಬಾ ಇಷ್ಟದ ಲೆಕ್ಕ ಇನ್ನೊಂದಿದೆ. 8, 15, 17 ಬಾಹುಗಳ ತ್ರಿಭುಜದ ಒಳಗೆ ಮೂರೂ ಬದಿಗೆ ತಾಗುವ ವೃತ್ತ. ತ್ರಿಜ್ಯ ಎಷ್ಟು? ಇಲ್ಲಿ ಬೇಕಾದದ್ದು ಹೊರಗಿನ ಒಂದು ಬಿಂದುವಿನಿಂದ ಎಳೆದ ಎರಡು ಸ್ಪರ್ಶಕಗಳು ಸಮ ಅನ್ನುವ ಪ್ರಮೇಯ. ಲಂಬಕೋನದ ಮೂಲೆಯಲ್ಲಿ ಎರಡು ತ್ರಿಜ್ಯ ಎಳೆದರೆ ಒಂದು ಚೌಕ ಆಗುತ್ತದೆ, ಅದರ ಬದಿ ತ್ರಿಜ್ಯದಷ್ಟೇ. 8ರ ಬಾಹುವಿನಲ್ಲಿ ಉಳಿದದ್ದು 8 − ತ್ರಿಜ್ಯ, 15ರಲ್ಲಿ 15 − ತ್ರಿಜ್ಯ. ಈ ಎರಡು ತುಂಡುಗಳೇ ಆಚೆ ಮೂಲೆಗಳಿಂದ ತಿರುಗಿಕೊಂಡು ವಿಕರ್ಣದ ಮೇಲೆ ಕೂರುತ್ತವೆ. ಕೂಡಿದರೆ 23 − ಎರಡು ತ್ರಿಜ್ಯ = 17. ತ್ರಿಜ್ಯ 3. ಇದನ್ನು ಬೋರ್ಡಿನ ಮೇಲೆ ಬಣ್ಣದ ಚಾಕ್‌ಪೀಸಿನಲ್ಲಿ ಮಾಡಿದ ದಿನ ಒಬ್ಬ ಹುಡುಗ "ಮಿಸ್, ಮೋಸ!" ಅಂದಿದ್ದ.

ತ್ರಿಕೋನಮಿತಿಗೆ ಹೆದರುವುದು ಹೆಸರಿನಿಂದ. ಅಲ್ಲಿ ಲಂಬಕೋನ ತ್ರಿಭುಜ ಹುಡುಕುವ ಕೆಲಸವೂ ಇಲ್ಲ, ಅವರೇ ಕೊಟ್ಟಿರುತ್ತಾರೆ. ಸೈನ್, ಕಾಸ್, ಟ್ಯಾನ್ ಬೆಲೆಗಳ ಪಟ್ಟಿ ಉರು ಹೊಡೆಯುವ ಬದಲು ಎರಡು ಚಿತ್ರ ನೆನಪಿಡಿ. ಬಾಹು 2 ಇರುವ ಸಮಬಾಹು ತ್ರಿಭುಜವನ್ನು ನಡುವೆ ಸೀಳಿದರೆ 1, √3, 2. ಇವು ಕ್ರಮವಾಗಿ 30, 60, 90 ಡಿಗ್ರಿಗಳ ಎದುರಿಗಿರುತ್ತವೆ. ಚೌಕವನ್ನು ಕರ್ಣದ ಮೇಲೆ ಸೀಳಿದರೆ 1, 1, √2. ಅದು 45ಕ್ಕೆ. ಪರೀಕ್ಷೆಯಲ್ಲಿ ತಲೆ ಖಾಲಿಯಾದರೂ ಇವನ್ನು ಅಂಚಿನಲ್ಲಿ ಎಳೆದುಕೊಳ್ಳಬಹುದು.

ಎತ್ತರ ಮತ್ತು ದೂರದ ಲೆಕ್ಕ ಹೊರಗೆ ಹೋಗಿ ಮಾಡಿದರೆ ಚೆಂದ. ಕೋನಮಾಪಕದ ನೇರ ಅಂಚಿಗೆ ಜ್ಯೂಸ್ ಕುಡಿಯುವ ಸ್ಟ್ರಾ ಅಂಟಿಸಿ. ನಡುವಿನ ಬಿಂದುವಿನಿಂದ ದಾರ ಇಳಿಬಿಟ್ಟು ಅದಕ್ಕೊಂದು ನಟ್ಟು ಕಟ್ಟಿ. ಸ್ಟ್ರಾದಲ್ಲಿ ಮರದ ತುದಿ ನೋಡುತ್ತಾ, ದಾರ 45ರ ಮೇಲೆ ಬರುವವರೆಗೆ ಹಿಂದೆ ಮುಂದೆ ನಡೆಯಿರಿ. ಆಗ ನಿಮ್ಮಿಂದ ಬುಡಕ್ಕಿರುವ ದೂರಕ್ಕೆ ನಿಮ್ಮ ಕಣ್ಣಿನ ಎತ್ತರ ಕೂಡಿದರೆ ಮರದ ಎತ್ತರ. 12 ಮೀಟರ್ ದೂರ, ಕಣ್ಣು 1.5 ಮೀಟರ್ ಮೇಲಿದ್ದರೆ, ಮರ 13.5 ಮೀಟರ್. ಕಣ್ಣಿನ ಎತ್ತರ ಮರೆಯುವವರು ಪುಸ್ತಕದ ಲೆಕ್ಕದಲ್ಲೂ ಅದನ್ನೇ ಮರೆಯುತ್ತಾರೆ.

ಪುಸ್ತಕದಲ್ಲಿ ಪದೇ ಪದೇ ಬರುವುದು ಇದು: ಒಂದು ಕಡೆಯಿಂದ ಅಡಿಕೆ ಮರದ ತುದಿಯ ಉನ್ನತ ಕೋನ (ಅಡ್ಡಗೆರೆಯಿಂದ ಮೇಲಕ್ಕೆ ನೋಡುವ ಕೋನ) 30, ಮರದ ಕಡೆಗೆ 20 ಮೀಟರ್ ನಡೆದರೆ 60. ಎತ್ತರ ಎಷ್ಟು? ಎರಡು ಟ್ಯಾನ್ ಸಮೀಕರಣ ಬರೆದು ಬಿಡಿಸಬಹುದು, ಎಲ್ಲರೂ ಹಾಗೇ ಮಾಡುತ್ತಾರೆ. ಆದರೆ ಚಿತ್ರವನ್ನು ಸ್ವಲ್ಪ ಹೊತ್ತು ನೋಡಿ. ನಿಂತ ಎರಡು ಜಾಗ ಮತ್ತು ಮರದ ತುದಿ ಸೇರಿ ಆಗುವ ತ್ರಿಭುಜಕ್ಕೆ 60 ಹೊರಕೋನ. ಅದು ಒಳಗಿನ ಎದುರು ಕೋನಗಳ ಮೊತ್ತ. ಒಂದು 30 ಆದರೆ ತುದಿಯಲ್ಲಿರುವುದೂ 30. ಎರಡು ಕೋನ ಸಮ ಅಂದರೆ ಎದುರು ಬಾಹುಗಳೂ ಸಮ. ಹತ್ತಿರದ ಜಾಗದಿಂದ ಮರದ ತುದಿಗೆ ಓರೆ ದೂರ 20 ಮೀಟರೇ! ಇನ್ನು ಸೈನ್ 60 (ಎದುರು ಬಾಹುವನ್ನು ವಿಕರ್ಣದಿಂದ ಭಾಗಿಸಿದ್ದು) ಸಾಕು: 20 × √3/2, ಅಂದರೆ 10√3, ಸುಮಾರು 17.3 ಮೀಟರ್.

ಉತ್ತರ ಬಂದ ಮೇಲೆ ನಂಬಬಹುದಾ ಅಂತ ಕೇಳಿಕೊಳ್ಳಿ. ಶ್ರವಣಬೆಳಗೊಳದ ಗೊಮ್ಮಟ 57 ಅಡಿ, 17.4 ಮೀಟರ್ ಹತ್ತಿರ. ಅಷ್ಟೆತ್ತರದ ಅಡಿಕೆ ಮರ ಇರಬಹುದು. ಚುಕ್ಕೆ ತಪ್ಪಿ 173 ಬಂದರೆ? ಅಡಿಕೆ ಗೊನೆ ಕೊಯ್ಯುವವನು ಕೈಮುಗಿದು ವಾಪಸ್ ಹೋಗುತ್ತಾನೆ.

ಅವನತ ಕೋನ, ಅಂದರೆ ಮೇಲಿನಿಂದ ಕೆಳಕ್ಕೆ ನೋಡುವ ಕೋನ, ಬಂದರೆ ಒಂದೇ ಎಚ್ಚರ. ಅದನ್ನು ಕಟ್ಟಡದ ಗೋಡೆಯಿಂದ ಅಳೆಯುವುದಲ್ಲ, ಕಣ್ಣಿನ ಮಟ್ಟದ ಅಡ್ಡಗೆರೆಯಿಂದ ಕೆಳಕ್ಕೆ ಅಳೆಯುವುದು. ಆ ಅಡ್ಡಗೆರೆ ಎಳೆದರೆ, ಪರ್ಯಾಯ ಕೋನದಿಂದ ಅದೇ ಬೆಲೆ ನೆಲದ ಮೇಲೂ ಸಿಗುತ್ತದೆ. ನಿತ್ಯಸಮೀಕರಣ (ಕೋನ ಎಷ್ಟಿದ್ದರೂ ನಿಜವಾಗುವ ಸಮೀಕರಣ) ಸಾಧಿಸುವ ಲೆಕ್ಕಗಳಿಗೆ ಎಲ್ಲವನ್ನೂ ಸೈನ್, ಕಾಸ್‌ಗೆ ತಿರುಗಿಸಿ. ಸೊಗಸೇನಿಲ್ಲ, ಕೆಲಸ ಆಗುತ್ತದೆ.

ಘನಾಕೃತಿಗಳಲ್ಲಿ ಮೊದಲ ಪ್ರಶ್ನೆ: ತುಂಬುವುದೋ, ಮುಚ್ಚುವುದೋ? ತುಂಬುವುದಾದರೆ ಘನಫಲ, ಮುಚ್ಚುವುದು ಅಥವಾ ಬಣ್ಣ ಬಳಿಯುವುದಾದರೆ ಮೇಲ್ಮೈ. ನಮ್ಮ ಭದ್ರಾ ನಾಲೆಯ ಕಡೆ ಕೊಯ್ಲಿನ ಹೊತ್ತಿಗೆ ಕಾಣುವ ಭತ್ತದ ರಾಶಿ ಶಂಕುವಿನ ಆಕಾರ. ಬುಡದ ವ್ಯಾಸ 5.6 ಮೀಟರ್, ಎತ್ತರ 2.1 ಅಂದುಕೊಳ್ಳಿ. ತ್ರಿಜ್ಯ 2.8. ಭತ್ತ ಎಷ್ಟು? 22/7 × 2.8 × 2.8 × 2.1 ಮಾಡಿ ಮೂರರಿಂದ ಭಾಗಿಸಿದರೆ 17.248 ಘನ ಮೀಟರ್. ಮಳೆ ಬಂತು, ತಾಡಪತ್ರಿ ಎಷ್ಟು ಬೇಕು? ಈಗ ಎತ್ತರ ಉಪಯೋಗಕ್ಕಿಲ್ಲ, ಓರೆ ಎತ್ತರ ಬೇಕು. ಶಂಕುವಿನೊಳಗೂ 90 ಡಿಗ್ರಿ ಇದೆ: ನೆಟ್ಟಗಿನ ಎತ್ತರ, ತ್ರಿಜ್ಯ, ಓರೆ. 2.1, 2.8, ಹಾಗಾಗಿ 3.5. ಮತ್ತೆ 3-4-5, 0.7 ಪಟ್ಟು. ತಾಡಪತ್ರಿ 22/7 × 2.8 × 3.5 = 30.8 ಚದರ ಮೀಟರ್. ಓರೆಯ ಬದಲು 2.1 ಹಾಕಿದರೆ 18.48 ಬರುತ್ತದೆ, 12 ಚದರ ಮೀಟರಿಗೂ ಜಾಸ್ತಿ ಭತ್ತ ನೆನೆಯುತ್ತದೆ. ಬುಡದ ವೃತ್ತ ಕೂಡಿಸಬೇಡಿ, ಅದು ನೆಲಕ್ಕೆ ಕೂತಿದೆ.

ಎರಡು ಆಕೃತಿ ಅಂಟಿಸಿದ ಲೆಕ್ಕಕ್ಕೂ ಇದೇ ಉಪಾಯ. ಸಿಲಿಂಡರಿನ ಮೇಲೆ ಅರ್ಧಗೋಳ ಕೂರಿಸಿದ್ದಾರೆ ಅಂದರೆ, ಆ ಬೊಂಬೆ ಕೈಯಲ್ಲಿದೆ ಅಂದುಕೊಳ್ಳಿ. ಬೆರಳು ತಾಗುವ ಮೇಲ್ಮೈ ಮಾತ್ರ ಲೆಕ್ಕಕ್ಕೆ, ಅಂಟಿದ ಜಾಗ ಒಳಗೆ ಹೋಯಿತು. ಘನಫಲ ಮಾತ್ರ ಎರಡನ್ನೂ ಕೂಡಿ. ಕರಗಿಸಿ ಬೇರೆ ಆಕಾರ ಮಾಡಿದರೆ ಘನಫಲ ಬದಲಾಗುವುದಿಲ್ಲ, ಎರಡೂ ಸೂತ್ರ ಎದುರುಬದುರು ಇಟ್ಟು ಪೈ ಹೊಡೆದು ಹಾಕಿ. 22/7 ಗುಣಿಸುವ ಆತುರ ಬೇಡ, ಕೊನೆಯವರೆಗೂ ಹಾಗೇ ಇಟ್ಟುಕೊಂಡರೆ ಎಷ್ಟೋ ಸಲ ಗುಣಿಸುವ ಕೆಲಸವೇ ಬರುವುದಿಲ್ಲ.

ಮಾನಗಳನ್ನು ಮೊದಲೇ ಒಂದೇ ಮಾಡಿಕೊಳ್ಳಿ. ಒಂದು ಘನ ಮೀಟರ್ ಅಂದರೆ 1000 ಲೀಟರ್, 100 ಅಲ್ಲ. ಹೋದ ವಾರ 2 ಮೀಟರ್ ಉದ್ದ, 2 ಮೀಟರ್ ಅಗಲ, 1.5 ಮೀಟರ್ ಆಳದ ನೀರಿನ ಸಂಪು ಎಷ್ಟು ನೀರು ಹಿಡಿಯುತ್ತದೆ ಅಂತ ಕೇಳಿದ್ದೆ. 2 × 2 × 1.5 ಸರಿಯಾಗಿಯೇ ಮಾಡಿ, ಒಬ್ಬಳು '6 ಲೀಟರ್' ಅಂತ ಬರೆದಳು. ಅಪ್ಪ ಪಕ್ಕದ ಕುರ್ಚಿಯಲ್ಲಿ ಚಹಾ ಕುಡಿಯುತ್ತಿದ್ದರು. "ಆರು ಲೀಟರಿಗೆ ಸಂಪು ಯಾಕವ್ವಾ, ಎರಡು ಕೊಡ ಸಾಕಲ್ಲ" ಅಂದರು. ಅವಳು ಮೂರು ಸೊನ್ನೆ ಸೇರಿಸಿ, ಪಕ್ಕದಲ್ಲಿ ಸಣ್ಣದಾಗಿ ಒಂದು ಕೊಡದ ಚಿತ್ರ ಬರೆದುಕೊಂಡಳು.