ಫುಟ್‌ಬಾಲ್ ಕ್ಲಬ್ಬಿಗೆ ಧಣಿಯ ದುಡ್ಡು ಬಂದಾಗ ಏನೇನು ನೋಡಬೇಕು

ಬ್ಯಾಂಕಿನ ಸಾಲ ವಿಭಾಗದಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತಳಾದವಳು ನಾನು. ಸಾಲ ಕೇಳಿಕೊಂಡು ಬಂದ ಕಾರ್ಖಾನೆಯ ವಾರ್ಷಿಕ ಲೆಕ್ಕಪತ್ರ ಮೇಜಿನ ಮೇಲೆ ಬಿದ್ದರೆ ನಾವು ಹಿಂದಿನ ಪುಟಗಳಿಂದ ಓದಲು ಶುರು ಮಾಡುತ್ತಿದ್ದೆವು. ಮುಂದಿನ ಪುಟಗಳಲ್ಲಿ ಅಧ್ಯಕ್ಷರ ಭಾವಚಿತ್ರ ಮತ್ತು ಭರವಸೆಯ ಮಾತು. ಹಣ ಎಲ್ಲಿಂದ ಬಂತು, ಯಾವ ಷರತ್ತಿನ ಮೇಲೆ ಬಂತು ಎಂಬುದೆಲ್ಲ ಹಿಂದಿನ ಟಿಪ್ಪಣಿಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತಿತ್ತು.

ಅಪ್ಪ ದೂರವಾಣಿನಗರದ ಐಟಿಐ ನೌಕರರಾಗಿದ್ದರು. ಐಟಿಐ, ಎಚ್‌ಎಎಲ್ ತಂಡಗಳ ಆಟ ನೋಡುತ್ತಲೇ ನಾನು ಬೆಳೆದೆ. ಮಗಳು ಇಂಗ್ಲೆಂಡಿನ ಲ್ಯಾಂಕಷೈರ್‌ನಲ್ಲಿ ನರ್ಸ್ ಆಗಿ ಸೇರಿಕೊಂಡ ಮೇಲೆ, ಅವಳ ಮನೆಗೆ ಹತ್ತಿರದ ಬ್ಲ್ಯಾಕ್‌ಬರ್ನ್ ರೋವರ್ಸ್ ನಮ್ಮ ಕ್ಲಬ್ಬಾಯಿತು. ಅದರ ಮಾಲೀಕರು ಪುಣೆಯ ವೆಂಕೀಸ್ ಸಂಸ್ಥೆಯವರು ಎಂದು ತಿಳಿದಾಗ ಹಳೆಯ ಅಭ್ಯಾಸ ಎದ್ದು ಕುಳಿತು ಲೆಕ್ಕಪತ್ರ ತೆಗೆಸಿ ಓದಿದೆ. ಆಮೇಲೆ ಬೇರೆ ಕ್ಲಬ್ಬುಗಳದ್ದನ್ನೂ ಓದಿದೆ. ನೀವು ಮೆಚ್ಚಿದ ಕ್ಲಬ್ಬಿಗೆ ನಾಳೆ ದೊಡ್ಡ ಧಣಿಯೊಬ್ಬರು ಬಂದರೆ ಆ ದುಡ್ಡನ್ನು ಓದುವುದು ಹೇಗೆ ಎಂಬುದನ್ನು ನನಗೆ ತಿಳಿದಂತೆ ಹೇಳುತ್ತೇನೆ.

ದಾಖಲೆ ತರಿಸಿಕೊಳ್ಳಿ

ಇಂಗ್ಲೆಂಡಿನ ಕ್ಲಬ್ಬಾದರೆ ಅಲ್ಲಿನ ಕಂಪನಿ ನೋಂದಣಿ ಕಚೇರಿಯಾದ ಕಂಪನೀಸ್ ಹೌಸ್‌ನ ಜಾಲತಾಣದಲ್ಲಿ ಲೆಕ್ಕಪತ್ರಗಳು ಉಚಿತವಾಗಿ ಸಿಗುತ್ತವೆ. ಕ್ಲಬ್ಬಿನ ಹೆಸರಿನ ಕಂಪನಿಯದ್ದನ್ನು ಮಾತ್ರ ತೆಗೆದುಕೊಂಡರೆ ಸಾಲದು, ಅದರ ಮೇಲಿನ ಒಡೆತನದ ಕಂಪನಿಯದ್ದೂ ಬೇಕು. ಬ್ಲ್ಯಾಕ್‌ಬರ್ನ್ ವಿಷಯದಲ್ಲಿ ಅದು ವೆಂಕೀಸ್ ಲಂಡನ್ ಲಿಮಿಟೆಡ್. ಒಂದು ವರ್ಷದ ಲೆಕ್ಕ ಏನನ್ನೂ ಹೇಳುವುದಿಲ್ಲ, ಕಡೇಪಕ್ಷ ಐದು ವರ್ಷಗಳದ್ದನ್ನು ಪಕ್ಕಪಕ್ಕ ಇಟ್ಟುಕೊಳ್ಳಿ. ಖಾಸಗಿ ಕಂಪನಿಗಳಿಗೆ ಲೆಕ್ಕ ಸಲ್ಲಿಸಲು ಒಂಬತ್ತು ತಿಂಗಳ ಅವಕಾಶವಿದೆ. ಆದ್ದರಿಂದ ನೀವು ಓದುತ್ತಿರುವುದು ಹಳೆಯ ಋತುವಿನ ಚಿತ್ರ ಎಂಬುದು ನೆನಪಿರಲಿ.

ಸಾಲವೋ, ಬಂಡವಾಳವೋ

ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದು. ಪತ್ರಿಕೆಯಲ್ಲಿ ‘ಮಾಲೀಕರು ಹತ್ತು ಕೋಟಿ ಪೌಂಡ್ ಹೂಡಿದ್ದಾರೆ’ ಎಂದು ಬರುತ್ತದೆ. ಹೂಡಿಕೆ ಎಂಬ ಒಂದೇ ಪದದಲ್ಲಿ ಎರಡು ಬೇರೆ ಬೇರೆ ವಸ್ತುಗಳು ಅಡಗಿವೆ. ಮಾಲೀಕರು ಷೇರು ಕೊಂಡು ಹಣ ಹಾಕಿದ್ದರೆ ಆ ಹಣ ಕ್ಲಬ್ಬಿನದು. ಸಾಲವಾಗಿ ಕೊಟ್ಟಿದ್ದರೆ ಕ್ಲಬ್ಬು ಅದನ್ನು ತೀರಿಸಬೇಕಾದ ಋಣಿ.

ನಮ್ಮ ಬ್ಯಾಂಕಿನಲ್ಲಿ ಉದ್ಯಮಿಯೊಬ್ಬರು ತಮ್ಮ ಕಾರ್ಖಾನೆಗೆ ಸ್ವಂತ ಹಣವನ್ನು ಸಾಲವಾಗಿ ಕೊಟ್ಟಿದ್ದರೆ, ಬ್ಯಾಂಕಿನ ಸಾಲ ತೀರುವವರೆಗೆ ಆ ಹಣವನ್ನು ಹಿಂದಕ್ಕೆ ಪಡೆಯುವುದಿಲ್ಲ ಎಂಬ ಮುಚ್ಚಳಿಕೆ ಬರೆಸಿಕೊಳ್ಳುತ್ತಿದ್ದೆವು. ಆ ಪತ್ರಕ್ಕೆ ರುಜು ಬಿದ್ದ ಮೇಲಷ್ಟೇ ಅದನ್ನು ಬಂಡವಾಳದಂತೆ ಎಣಿಸುತ್ತಿದ್ದೆವು. ಒಮ್ಮೆ ಒಬ್ಬ ಉದ್ಯಮಿ ಲೇಖನಿ ಕೈಯಲ್ಲಿ ಹಿಡಿದು ಕಾಲು ಗಂಟೆ ಕುಳಿತಿದ್ದರು. ಕಾಫಿ ಆರಿಹೋಯಿತು. ಕೊನೆಗೆ ರುಜು ಹಾಕದೆ ಕಡತ ಮಡಿಚಿಕೊಂಡು ಎದ್ದು ಹೋದರು. ಆ ಕಾರ್ಖಾನೆಯ ಬಗ್ಗೆ ನನಗೆ ತಿಳಿಯಬೇಕಾದದ್ದೆಲ್ಲ ಆ ಕಾಲು ಗಂಟೆಯಲ್ಲಿ ತಿಳಿಯಿತು.

ಕ್ಲಬ್ಬಿನ ಟಿಪ್ಪಣಿಗಳಲ್ಲಿಯೂ ಇದನ್ನೇ ಹುಡುಕಿ. ಮಾಲೀಕರ ಸಾಲಕ್ಕೆ ಬಡ್ಡಿ ಇದೆಯೇ? ಕೇಳಿದ ಕೂಡಲೇ ಮರಳಿಸಬೇಕೇ? ಕ್ಲಬ್ಬಿನ ಆಸ್ತಿಯ ಮೇಲೆ ಅಡಮಾನ ಇದೆಯೇ? 2003ರಲ್ಲಿ ಚೆಲ್ಸಿಯನ್ನು ಕೊಂಡ ರೋಮನ್ ಅಬ್ರಮೋವಿಚ್ ಹಾಕಿದ ಹಣದ ಬಹುಪಾಲು ಸಾಲದ ರೂಪದಲ್ಲಿತ್ತು. 2022ರ ಹೊತ್ತಿಗೆ ಅದು ಸುಮಾರು 150 ಕೋಟಿ ಪೌಂಡ್ ಮುಟ್ಟಿತ್ತು. ಉಕ್ರೇನ್ ಯುದ್ಧದ ನಂತರ ಬ್ರಿಟನ್ ಅವರ ಮೇಲೆ ನಿರ್ಬಂಧ ಹೇರಿ, ಕ್ಲಬ್ಬು 250 ಕೋಟಿ ಪೌಂಡಿಗೆ ಬೇರೆಯವರ ಕೈಗೆ ಹೋದಾಗ ಆ ಸಾಲ ಮನ್ನಾ ಆಯಿತು. ಮನ್ನಾ ಆಗದಿದ್ದರೆ ಎಂದು ನೆನೆದರೆ ಸಾಲ ವಿಭಾಗದಲ್ಲಿ ಕುಳಿತವರಿಗೆ ಈಗಲೂ ಎದೆ ಝಲ್ಲೆನ್ನುತ್ತದೆ. ಲೆಸ್ಟರ್ ಸಿಟಿಯ ಥಾಯ್ ಮಾಲೀಕ ವಿಚೈ ಶ್ರೀವದ್ಧನಪ್ರಭ 2013ರಲ್ಲಿ ತಾವು ಕೊಟ್ಟಿದ್ದ 10.3 ಕೋಟಿ ಪೌಂಡ್ ಸಾಲವನ್ನು ಷೇರುಗಳಾಗಿ ಬದಲಾಯಿಸಿದರು. ತಂಡ ಲೀಗ್ ಗೆದ್ದದ್ದು ಮೂರು ವರ್ಷಗಳ ನಂತರ. ಆ ಗೆಲುವಿನ ಕಥೆ ಹೇಳುವವರು ಈ ಒಂದು ನಮೂದನ್ನು ಬಿಟ್ಟುಬಿಡುವುದು ನನಗೆ ಬೇಸರ ತರುತ್ತದೆ.

ತಿರುವುಮುರುವಾದ ಪ್ರಕರಣವೂ ಇದೆ. 2005ರಲ್ಲಿ ಗ್ಲೇಜರ್ ಕುಟುಂಬ ಮ್ಯಾಂಚೆಸ್ಟರ್ ಯುನೈಟೆಡ್ ಕೊಳ್ಳಲು ಎತ್ತಿದ ಸಾಲದ ದೊಡ್ಡ ಪಾಲು ಕ್ಲಬ್ಬಿನ ಹೆಗಲಿಗೇ ಬಿತ್ತು. ಧಣಿ ಬಂದರೆ ದುಡ್ಡು ಬಂದೇ ಬರುತ್ತದೆ ಎಂದು ನಂಬಿದವರು ಲೆಕ್ಕಪತ್ರದಲ್ಲಿ ಆ ಬಡ್ಡಿಯ ನಮೂದನ್ನು ಒಮ್ಮೆ ನೋಡಬೇಕು.

ಸಂಬಳದ ಸಾಲು

ಒಟ್ಟು ಸಂಬಳವನ್ನು ಒಟ್ಟು ವರಮಾನದಿಂದ ಭಾಗಿಸಿ. ಇಂಗ್ಲೆಂಡಿನ ಎರಡನೆಯ ದರ್ಜೆಯಾದ ಚಾಂಪಿಯನ್‌ಶಿಪ್‌ನಲ್ಲಿ ಎಲ್ಲ ಕ್ಲಬ್ಬುಗಳ ಸಂಬಳವನ್ನು ಕೂಡಿದರೆ ಅದು ವರಮಾನವನ್ನೇ ಮೀರಿದ ವರ್ಷಗಳು ಹಲವು. ನೂರು ಬಂದರೆ ನೂರಕ್ಕೂ ಹೆಚ್ಚು ಸಂಬಳಕ್ಕೇ ಹೋಯಿತು ಎಂದರ್ಥ. ವಿದ್ಯುತ್ತು, ಹುಲ್ಲು, ಬಸ್ಸು, ಪೊಲೀಸ್ ಬಂದೋಬಸ್ತು ಎಲ್ಲಕ್ಕೂ ಮಾಲೀಕರ ಜೇಬೇ ಗತಿ. ಮೇಲಿನ ದರ್ಜೆಗೆ ಏರಿದರೆ ಸಿಗುವ ಪ್ರಸಾರ ಹಣದ ಆಸೆಯೇ ಇದಕ್ಕೆ ಕಾರಣ.

ಹಣ ಏನಾಗಿ ನಿಂತಿತು

ನನಗೆ ಅತ್ಯಂತ ಪ್ರಿಯವಾದ ಪ್ರಶ್ನೆ ಇದು. ಇದಕ್ಕಾಗಿ ಬ್ಲ್ಯಾಕ್‌ಬರ್ನ್‌ಗೆ ಹೋಗೋಣ.

ಒಂದು ಫೆಬ್ರುವರಿಯ ಸಂಜೆ ಮಗಳ ಜೊತೆ ಈವುಡ್ ಪಾರ್ಕ್‌ನಲ್ಲಿ ಕುಳಿತಿದ್ದೆ. ನಾವಿದ್ದದ್ದು ರಿವರ್‌ಸೈಡ್ ಸ್ಟ್ಯಾಂಡ್, ಕ್ರೀಡಾಂಗಣದ ಹಳೆಯ ಭಾಗ. ಎದುರಿಗಿದ್ದ ಕಂಬವೊಂದು ಗೋಲಿನ ಅರ್ಧವನ್ನು ಮರೆಮಾಡುತ್ತಿತ್ತು. ಕೈಗವಸು ತೆಗೆದು ಆ ಕಂಬವನ್ನು ಮುಟ್ಟಿ ನೋಡಿದೆ. ಮಂಜುಗಡ್ಡೆಯಂತಿತ್ತು. ಎಂಬತ್ತರ ದಶಕದ ಕೊನೆಯಲ್ಲಿ ಈ ಸ್ಟ್ಯಾಂಡ್ ಕಟ್ಟುವಾಗ ಉಕ್ಕು ಕೊಟ್ಟವರು ಅದೇ ಊರಿನ ಉಕ್ಕಿನ ವ್ಯಾಪಾರಿ ಜ್ಯಾಕ್ ವಾಕರ್. ಆಗಿನ್ನೂ ಅವರು ಕ್ಲಬ್ಬಿನ ಒಡೆಯರಾಗಿರಲಿಲ್ಲ.

ತಮ್ಮ ಉದ್ಯಮವನ್ನು ಬ್ರಿಟಿಷ್ ಸ್ಟೀಲ್‌ಗೆ ಮಾರಿದ ವಾಕರ್ 1991ರಲ್ಲಿ ಕ್ಲಬ್ಬನ್ನು ವಹಿಸಿಕೊಂಡರು. ತಂಡ ಆಗ ಎರಡನೆಯ ದರ್ಜೆಯಲ್ಲಿತ್ತು. ಕೆನ್ನಿ ಡಾಲ್ಗ್ಲಿಷ್ ವ್ಯವಸ್ಥಾಪಕರಾಗಿ ಬಂದರು. 1992ರಲ್ಲಿ ತಂಡ ಮೇಲೇರಿತು, ಅದೇ ಬೇಸಿಗೆಯಲ್ಲಿ ಅಲನ್ ಶಿಯರರ್ ಬಂದ. 1994ರಲ್ಲಿ 50 ಲಕ್ಷ ಪೌಂಡಿಗೆ ಕ್ರಿಸ್ ಸಟನ್ ಬಂದ. 1995ರ ಮೇ 14ರಂದು ಆನ್‌ಫೀಲ್ಡ್‌ನಲ್ಲಿ ಲಿವರ್‌ಪೂಲ್ ಎದುರು 2-1ರಿಂದ ಸೋತರೂ ಬ್ಲ್ಯಾಕ್‌ಬರ್ನ್ ಚಾಂಪಿಯನ್ ಆಯಿತು, ಏಕೆಂದರೆ ಮ್ಯಾಂಚೆಸ್ಟರ್ ಯುನೈಟೆಡ್ ಲಂಡನ್ನಿನಲ್ಲಿ ವೆಸ್ಟ್ ಹ್ಯಾಮ್ ಜೊತೆ ಡ್ರಾ ಮಾಡಿಕೊಂಡಿತ್ತು. ಅಂತರ ಒಂದೇ ಅಂಕ, 89ಕ್ಕೆ 88.

ಮರುವರ್ಷ ಶಿಯರರ್ 1.5 ಕೋಟಿ ಪೌಂಡಿಗೆ ನ್ಯೂಕ್ಯಾಸಲ್ ಸೇರಿದ. 1999ರಲ್ಲಿ ತಂಡ ಕೆಳದರ್ಜೆಗೆ ಬಿತ್ತು. 2000ದಲ್ಲಿ ವಾಕರ್ ತೀರಿಕೊಂಡರು. ಇಲ್ಲಿಗೆ ಕಥೆ ಮುಗಿಸಿ ‘ಹಣದಿಂದ ಕೊಂಡ ಗೆಲುವು’ ಎನ್ನುವವರು ಬಹಳ. ನಾನು ಒಪ್ಪುವುದಿಲ್ಲ. ವಾಕರ್ ಹಣದ ಒಂದು ಭಾಗ ಸಂಬಳವಾಗಿ ಕರಗಿತು, ನಿಜ. ಇನ್ನೊಂದು ಭಾಗ ಈವುಡ್ ಪಾರ್ಕ್‌ನ ಹೊಸ ಸ್ಟ್ಯಾಂಡುಗಳಾಗಿ, ಊರಾಚೆಯ ಬ್ರಾಕ್‌ಹಾಲ್‌ನಲ್ಲಿ ತರಬೇತಿ ಕೇಂದ್ರ ಮತ್ತು ಅಕಾಡೆಮಿಯಾಗಿ ನೆಲದ ಮೇಲೆ ನಿಂತಿತು. ಅವರು ಸತ್ತ ಮೇಲೂ ಅದು ದುಡಿಯುತ್ತಲೇ ಇದೆ.

ಅದು ಹೇಗೆಂದು ತಿಳಿಯಲು ಒಂದು ಲೆಕ್ಕ ಗೊತ್ತಿರಬೇಕು. ಕ್ಲಬ್ಬು 4 ಕೋಟಿ ಪೌಂಡಿಗೆ ಆಟಗಾರನನ್ನು ಕೊಂಡು ಐದು ವರ್ಷದ ಕರಾರು ಮಾಡಿಕೊಂಡರೆ, ಪುಸ್ತಕದಲ್ಲಿ ವರ್ಷಕ್ಕೆ 80 ಲಕ್ಷದಂತೆ ಖರ್ಚು ಬೀಳುತ್ತದೆ. ಎರಡು ವರ್ಷಗಳ ನಂತರ ಅವನ ಪುಸ್ತಕ ಬೆಲೆ 2.4 ಕೋಟಿ. ಮಾರಿದರೆ ಅದಕ್ಕಿಂತ ಮೇಲೆ ಸಿಕ್ಕಿದ್ದು ಮಾತ್ರ ಲಾಭ. ಸ್ವಂತ ಅಕಾಡೆಮಿಯಲ್ಲಿ ಬೆಳೆದ ಹುಡುಗನ ಪುಸ್ತಕ ಬೆಲೆ ಸೊನ್ನೆ, ಮಾರಿದ ಹಣ ಹೆಚ್ಚುಕಡಿಮೆ ಪೂರ್ತಿ ಲಾಭ. ಯುವ ತಂಡದಿಂದ ಬಂದ ಡೇಮಿಯನ್ ಡಫ್ 2003ರಲ್ಲಿ 1.7 ಕೋಟಿ ಪೌಂಡಿಗೆ ಚೆಲ್ಸಿಗೆ ಹೋದ. ಕೊಂಡದ್ದು ಆಗಷ್ಟೇ ಬಂದಿದ್ದ ಅಬ್ರಮೋವಿಚ್ ಅವರ ಹಣ. 2011ರಲ್ಲಿ ಫಿಲ್ ಜೋನ್ಸ್ ಮ್ಯಾಂಚೆಸ್ಟರ್ ಯುನೈಟೆಡ್‌ಗೆ ಹೋದ. 2024ರಲ್ಲಿ ಬ್ಲ್ಯಾಕ್‌ಬರ್ನ್‌ನಲ್ಲೇ ಹುಟ್ಟಿ ಚಿಕ್ಕಂದಿನಿಂದ ಅಲ್ಲೇ ಕಲಿತ ಆಡಂ ವಾರ್ಟನ್‌ಗೆ ಕ್ರಿಸ್ಟಲ್ ಪ್ಯಾಲೇಸ್ ಆರಂಭದಲ್ಲೇ 1.8 ಕೋಟಿ ಪೌಂಡ್ ಕೊಟ್ಟಿತು.

ಹಾಗಾಗಿ ‘ಸ್ಥಿರಾಸ್ತಿ’ ಎಂಬ ಟಿಪ್ಪಣಿಯನ್ನು ಐದು ವರ್ಷದ್ದು ಜೋಡಿಸಿ ಓದಿ. ಹೊಸ ಧಣಿ ಬಂದ ಮೇಲೆ ಆಟಗಾರರ ಸಾಲು ಮಾತ್ರ ಉಬ್ಬಿ, ಕಟ್ಟಡ ಮತ್ತು ತರಬೇತಿ ಕೇಂದ್ರದ ಸಾಲು ಇದ್ದಲ್ಲೇ ಇದ್ದರೆ ನಾನು ಪಕ್ಕದಲ್ಲಿ ಪೆನ್ಸಿಲ್ ಗುರುತು ಹಾಕುತ್ತೇನೆ. ಇಂಗ್ಲೆಂಡಿನ ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್ ಬಹುಕಾಲ ನಡೆಸಿಕೊಂಡು ಬಂದ ನಿಯಮದಲ್ಲೂ ಇದೇ ವಿವೇಕವಿತ್ತು. ಮೂರು ವರ್ಷಗಳಲ್ಲಿ ಗರಿಷ್ಠ 10.5 ಕೋಟಿ ಪೌಂಡ್ ನಷ್ಟಕ್ಕೆ ಅವಕಾಶ, ಆದರೆ ಅಕಾಡೆಮಿ, ಮಹಿಳಾ ತಂಡ, ಕ್ರೀಡಾಂಗಣಕ್ಕೆ ಮಾಡಿದ ವೆಚ್ಚವನ್ನು ಆ ಲೆಕ್ಕದಿಂದ ಹೊರಗಿಡುತ್ತಿದ್ದರು.

ಧಣಿ ಇಲ್ಲದ ದಿನ

ಲೆಕ್ಕಪತ್ರದಲ್ಲಿ ‘ಸಂಸ್ಥೆಯ ಮುಂದುವರಿಕೆ’ ಕುರಿತ ಒಂದು ಪ್ಯಾರಾ ಇರುತ್ತದೆ. ಮುಂದಿನ ಹನ್ನೆರಡು ತಿಂಗಳು ಬಾಗಿಲು ತೆರೆದಿರಲು ಯಾರ ಬೆಂಬಲವನ್ನು ನಂಬಿದ್ದೇವೆ ಎಂದು ನಿರ್ದೇಶಕರು ಅಲ್ಲಿ ಹೇಳಬೇಕು. ಬಹುತೇಕ ಕ್ಲಬ್ಬುಗಳಲ್ಲಿ ಉತ್ತರ ಒಂದೇ, ಮಾಲೀಕರು.

ಸ್ಕಾಟ್‌ಲೆಂಡ್ ಗಡಿಯ ಪುಟ್ಟ ಊರು ಗ್ರೆಟ್ನಾ. ಬ್ರೂಕ್ಸ್ ಮೈಲ್ಸನ್ ಎಂಬ ಉದ್ಯಮಿಯ ಹಣದಿಂದ ಅದರ ತಂಡ 2005ರಿಂದ 2007ರವರೆಗೆ ಸತತ ಮೂರು ಬಡ್ತಿ ಪಡೆಯಿತು. 2006ರ ಸ್ಕಾಟಿಷ್ ಕಪ್ ಫೈನಲ್‌ನಲ್ಲಿ ಹಾರ್ಟ್ಸ್ ಎದುರು ಪೆನಾಲ್ಟಿಯವರೆಗೆ ಹೋರಾಡಿತು. ಮೇಲಿನ ಲೀಗ್ ತಲುಪಿದಾಗ ಅದರ ಸ್ವಂತ ಮೈದಾನ ಸಾಲದೆ ಮದರ್‌ವೆಲ್ ತಂಡದ ಮೈದಾನದಲ್ಲಿ ಆಡಬೇಕಾಯಿತು. 2008ರಲ್ಲಿ ಮೈಲ್ಸನ್ ಕಾಯಿಲೆ ಬಿದ್ದು ಹಣ ನಿಂತಿತು. ಅದೇ ವರ್ಷ ಕ್ಲಬ್ಬು ಮುಳುಗಿತು. ಧಣಿ ಕೆಟ್ಟವರಾಗಿರಲಿಲ್ಲ, ಮೋಸ ಮಾಡಲಿಲ್ಲ, ಆರೋಗ್ಯ ಕೈಕೊಟ್ಟಿತು ಅಷ್ಟೆ.

ಬ್ಲ್ಯಾಕ್‌ಬರ್ನ್‌ನ ಮಾಲೀಕರ ಬಗ್ಗೆ ನ್ಯಾಯವಾಗಿ ಮಾತನಾಡಬೇಕು. 2010ರ ನವೆಂಬರ್‌ನಲ್ಲಿ ಅವರು ಕ್ಲಬ್ಬು ಕೊಂಡರು. ಮರುತಿಂಗಳೇ ಅನುಭವಿ ವ್ಯವಸ್ಥಾಪಕ ಸ್ಯಾಮ್ ಅಲರ್ಡೈಸ್ ಅವರನ್ನು ತೆಗೆದರು. 2012ರಲ್ಲಿ ತಂಡ ಪ್ರೀಮಿಯರ್ ಲೀಗ್‌ನಿಂದ, 2017ರಲ್ಲಿ ಚಾಂಪಿಯನ್‌ಶಿಪ್‌ನಿಂದಲೂ ಕೆಳಗಿಳಿದು, 2018ರಲ್ಲಿ ಮತ್ತೆ ಒಂದು ಮೆಟ್ಟಿಲು ಹತ್ತಿತು. ಅಭಿಮಾನಿಗಳ ಸಿಟ್ಟು ಅರ್ಥವಾಗುತ್ತದೆ. ಆದರೆ ವರ್ಷದಿಂದ ವರ್ಷಕ್ಕೆ ಕೋಟಿ ಪೌಂಡಿಗೂ ಮೀರಿದ ನಷ್ಟವನ್ನು ತುಂಬಿಕೊಟ್ಟವರೂ ಅವರೇ, ಅದು ಲೆಕ್ಕದಲ್ಲಿ ಕಾಣುತ್ತದೆ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ ಸಂಗತಿ. 2023ರಿಂದ ಭಾರತದಲ್ಲಿ ಜಾರಿ ನಿರ್ದೇಶನಾಲಯದ ತನಿಖೆಯ ಕಾರಣ, ಕ್ಲಬ್ಬಿಗೆ ಹಣ ಕಳುಹಿಸಲು ದೆಹಲಿ ಹೈಕೋರ್ಟಿನ ಅನುಮತಿ ಮತ್ತು ಬ್ಯಾಂಕ್ ಗ್ಯಾರಂಟಿ ಬೇಕಾಯಿತು. ಧಣಿಗೆ ಮನಸ್ಸೂ ಇದೆ, ಹಣವೂ ಇದೆ, ಆದರೆ ದಾರಿಯಲ್ಲಿ ಬೇಲಿ. ಲ್ಯಾಂಕಷೈರ್‌ನ ತಂಡದ ಖರ್ಚು ದೆಹಲಿಯ ವಿಚಾರಣೆಯ ದಿನಾಂಕವನ್ನು ಕಾಯುತ್ತಿತ್ತು. ಮಾಲೀಕರ ಹಣ ಯಾವ ದೇಶದಿಂದ, ಯಾವ ಕಾನೂನಿನ ಕೆಳಗೆ ಹರಿದು ಬರಬೇಕು ಎಂಬುದನ್ನೂ ಆಗಿನಿಂದ ನನ್ನ ಪಟ್ಟಿಗೆ ಸೇರಿಸಿಕೊಂಡೆ.

ನೆಲ ಯಾರದು

ಕ್ರೀಡಾಂಗಣ ಕ್ಲಬ್ಬಿನ ಹೆಸರಿನಲ್ಲೇ ಇದೆಯೇ ನೋಡಿ. ಡರ್ಬಿ ಕೌಂಟಿಯ ಆಗಿನ ಮಾಲೀಕ ಮೆಲ್ ಮಾರಿಸ್ 2018ರಲ್ಲಿ ಕ್ರೀಡಾಂಗಣವನ್ನು ತಮ್ಮದೇ ಇನ್ನೊಂದು ಕಂಪನಿಗೆ ಸುಮಾರು 8 ಕೋಟಿ ಪೌಂಡಿಗೆ ಮಾರಿಸಿದರು. ಆ ವರ್ಷದ ಪುಸ್ತಕದಲ್ಲಿ ಲಾಭ ಕಂಡಿತು. 2021ರಲ್ಲಿ ಕ್ಲಬ್ಬು ದಿವಾಳಿಯ ಅಂಚಿಗೆ ಬಂದು ಆಡಳಿತಾಧಿಕಾರಿಗಳ ಕೈಗೆ ಹೋಯಿತು, 21 ಅಂಕ ಕಡಿತವಾಗಿ ತಂಡ ಕೆಳಗಿಳಿಯಿತು. ಕೊಳ್ಳಲು ಬಂದವರಿಗೆ ಕ್ಲಬ್ಬು ಒಂದು ಕಡೆ, ನೆಲ ಒಂದು ಕಡೆ. ‘ಸಂಬಂಧಿತ ಪಕ್ಷಗಳ ವ್ಯವಹಾರ’ ಎಂಬ ಟಿಪ್ಪಣಿಯಲ್ಲಿ ಇಂಥವು ಸಿಗುತ್ತವೆ.

ನಮ್ಮೂರಿನಲ್ಲಿ

ಭಾರತದ ಕ್ಲಬ್ಬುಗಳ ಲೆಕ್ಕಪತ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ಸಣ್ಣ ಶುಲ್ಕಕ್ಕೆ ಸಿಗುತ್ತದೆ. ಓದುವ ಬಗೆ ಇದೇ. ಒಂದು ವ್ಯತ್ಯಾಸವಿದೆ. ಇಲ್ಲಿ ಧಣಿ ಹೋದರೆ ಕೊಳ್ಳಲು ಇನ್ನೊಬ್ಬರು ಬರುತ್ತಾರೆಂಬ ನಂಬಿಕೆ ಇಲ್ಲ. ಮಹೀಂದ್ರ ಯುನೈಟೆಡ್ 2010ರಲ್ಲಿ, ಫಗ್ವಾರಾದ ಜೆಸಿಟಿ 2011ರಲ್ಲಿ ಮುಚ್ಚಿದವು. ಎರಡರ ಹಿಂದೆಯೂ ದೊಡ್ಡ ಉದ್ಯಮಗಳೇ ಇದ್ದವು.

2013ರಲ್ಲಿ ಜೆಎಸ್‌ಡಬ್ಲ್ಯು ಕಟ್ಟಿದ ಬೆಂಗಳೂರು ಎಫ್‌ಸಿ ಮೊದಲ ಋತುವಿನಲ್ಲೇ ಆಗಿನ ರಾಷ್ಟ್ರೀಯ ಲೀಗ್ ಆದ ಐ-ಲೀಗ್ ಗೆದ್ದಿತು, 2019ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಗೆದ್ದಿತು. ಅದು ಆಡುವ ಕಂಠೀರವ ಕ್ರೀಡಾಂಗಣ ಸರ್ಕಾರದ್ದು, ಆದ್ದರಿಂದ ನೆಲದ ಪ್ರಶ್ನೆಗೆ ನಾನು ಸೊನ್ನೆ ಬರೆದುಕೊಂಡೆ. 2025ರ ಆಗಸ್ಟ್‌ನಲ್ಲಿ ಲೀಗ್ ನಡೆಯುತ್ತದೋ ಇಲ್ಲವೋ ಎಂಬ ಅನಿಶ್ಚಿತತೆಯಲ್ಲಿ ಕ್ಲಬ್ಬು ಮೊದಲ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ತಡೆಹಿಡಿಯುವುದಾಗಿ ಪ್ರಕಟಿಸಿತು. ನನಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಅದೇ ಪ್ರಕಟಣೆಯಲ್ಲಿ ಯುವ ತಂಡಗಳು ಮತ್ತು ಮಕ್ಕಳ ಫುಟ್‌ಬಾಲ್ ಶಾಲೆಗಳು ಎಂದಿನಂತೆ ನಡೆಯುತ್ತವೆ ಎಂಬ ಮಾತೂ ಇತ್ತು. ಅದನ್ನು ಎರಡು ಸಲ ಓದಿ, ಪೆನ್ಸಿಲ್ ತೆಗೆದುಕೊಂಡು, ಅಡಿಯಲ್ಲಿ ಗೆರೆ ಎಳೆದೆ.