ಮನೆಗೆ ಬಂದ ಮೇಲೂ ಯೂರಿನ್ ಪೈಪ್ ಇದ್ದರೆ ಏನು ಮಾಡಬೇಕು?

ಗರ್ಭಕೋಶ ಜಾರಿದ್ದಕ್ಕೆ ಅಮ್ಮನಿಗೆ ಆಪರೇಷನ್ ಆಯಿತು. ಮನೆಗೆ ಕಳಿಸುವಾಗ ಯೂರಿನ್ ಪೈಪ್ ತೆಗೆದಿರಲಿಲ್ಲ. ನೋಡಲು ಯಾರಾದರೂ ಬಂದರೆ ಸಾಕು, ಅಮ್ಮ ಬ್ಯಾಗನ್ನು ಹಾಸಿಗೆಯ ಮೇಲೆ ಎತ್ತಿಟ್ಟು ಹೊದಿಕೆ ಎಳೆದುಕೊಳ್ಳುತ್ತಿದ್ದಳು. ಹಾಗೆ ಎತ್ತಿಟ್ಟರೆ ಮೂತ್ರ ಹಿಂದಕ್ಕೆ ಹರಿದು ಸೋಂಕು ಆಗಬಹುದು ಎಂದು ನಮಗೆ ಯಾರೂ ಹೇಳಿರಲಿಲ್ಲ. ಕಾಲಿಗೆ ಕಟ್ಟುವ ಚಿಕ್ಕ ಬ್ಯಾಗ್ ಸಿಗುತ್ತದೆ, ನೈಟಿಯೊಳಗೆ ಅದು ಕಾಣುವುದೇ ಇಲ್ಲ ಎಂಬುದೂ ಗೊತ್ತಿರಲಿಲ್ಲ. ಇನ್ನೊಬ್ಬರಿಗೆ ಹೀಗಾಗಬಾರದು ಎಂದೇ ಇದನ್ನು ಬರೆಯುತ್ತಿದ್ದೇನೆ.

ಮೊದಲು, ಪೈಪ್ ಯಾಕೆ ಎಂದು ಕೇಳಿ

ಡಿಸ್ಚಾರ್ಜ್‌ಗೆ ಮೊದಲೇ ಕೇಳಬೇಕು. ಕಾರಣ ಗೊತ್ತಾದರೆ ಯಾವ ದಾರಿ ಸಾಧ್ಯ ಎಂಬುದೂ ಗೊತ್ತಾಗುತ್ತದೆ. ಗರ್ಭಕೋಶ, ಯೋನಿಯ ಸುತ್ತ ಆಪರೇಷನ್ ಆದಾಗ ಆ ಜಾಗ ಊದಿರುತ್ತದೆ, ನೋಯುತ್ತಿರುತ್ತದೆ. ಮೂತ್ರಕೋಶ ತುಂಬಿದ್ದರೂ ಪೂರ್ತಿ ಖಾಲಿಯಾಗುವುದಿಲ್ಲ. ಹೆಚ್ಚಿನವರಿಗೆ ಇದು ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಫಿಸ್ತುಲಾ, ಅಂದರೆ ಮೂತ್ರಕೋಶದಿಂದ ಯೋನಿಗೆ ತೂತು ಬಿದ್ದು ಮೂತ್ರ ಸೋರುವ ತೊಂದರೆ, ಅದರ ರಿಪೇರಿಯ ವಿಷಯ ಬೇರೆ. ಅಲ್ಲಿ ಮೂತ್ರಕೋಶಕ್ಕೇ ಹೊಲಿಗೆ ಬಿದ್ದಿರುತ್ತದೆ. ಅದು ತುಂಬಿ ಹಿಗ್ಗಿದರೆ ಹೊಲಿಗೆ ಎಳೆಯುತ್ತದೆ. ಆದ್ದರಿಂದ ಸಾಮಾನ್ಯವಾಗಿ ಎರಡು ಮೂರು ವಾರ ಮೂತ್ರ ನಿಲ್ಲದೆ ಹರಿದು ಹೋಗುತ್ತಲೇ ಇರಬೇಕು.

ಒಳಗೇ ಇರುವ ಪೈಪ್

ಆಸ್ಪತ್ರೆಯಲ್ಲಿ ‘ಫೋಲೀಸ್’ ಎನ್ನುವುದು ಇದನ್ನೇ. ತುದಿಯಲ್ಲಿ ಚಿಕ್ಕ ಬಲೂನ್ ಇರುತ್ತದೆ. ಅದಕ್ಕೆ ನೀರು ತುಂಬಿಸುವುದರಿಂದ ಪೈಪ್ ಜಾರಿ ಹೊರಬರುವುದಿಲ್ಲ. ಅದಕ್ಕೇ ಎಳೆಯಬಾರದು. ಪೈಪಿನ ದಪ್ಪಕ್ಕೆ ನಂಬರ್ ಇರುತ್ತದೆ, ಹೆಂಗಸರಿಗೆ ಸಾಮಾನ್ಯವಾಗಿ 12ರಿಂದ 16ರ ಗಾತ್ರ ಹಾಕುತ್ತಾರೆ. ಕೆಲವೇ ದಿನಗಳಿಗಾದರೆ ಲೇಟೆಕ್ಸ್ ಪೈಪ್ ಸಾಕು. ವಾರಗಟ್ಟಲೆ ಬೇಕಾದರೆ, ಅಥವಾ ರಬ್ಬರ್ ಅಲರ್ಜಿ ಇದ್ದರೆ, ಸಿಲಿಕೋನ್ ಪೈಪ್ ಕೇಳಿ.

ಹಗಲು ಓಡಾಡುವಾಗ ಕಾಲಿನ ಬ್ಯಾಗ್, ರಾತ್ರಿಗೆ 2 ಲೀಟರ್ ಹಿಡಿಯುವ ದೊಡ್ಡ ಬ್ಯಾಗ್. ಎರಡೂ ಯಾವಾಗಲೂ ಮೂತ್ರಕೋಶಕ್ಕಿಂತ ಕೆಳಗಿರಬೇಕು, ಆದರೆ ನೆಲಕ್ಕೆ ತಾಗಬಾರದು. ಆಟೋದಲ್ಲಿ ಕೂತಾಗಲೂ ಬ್ಯಾಗನ್ನು ಮಡಿಲಲ್ಲಿ ಇಟ್ಟುಕೊಳ್ಳಬೇಡಿ. ಪೈಪ್ ಬಿಗಿಯಾಗದಂತೆ ಸ್ವಲ್ಪ ಸಡಿಲ ಬಿಟ್ಟು ತೊಡೆಗೆ ಟೇಪ್ ಹಾಕಿ ಅಂಟಿಸಿ. ಬ್ಯಾಗ್ ಮುಕ್ಕಾಲು ತುಂಬುವ ಮೊದಲೇ ಖಾಲಿ ಮಾಡಿ, ಮುಂಚೆಯೂ ಆಮೇಲೆಯೂ ಸೋಪಿನಿಂದ ಕೈ ತೊಳೆಯಿರಿ. ದಿನಾ ಆ ಜಾಗವನ್ನು ಸೋಪು, ನೀರಿನಿಂದ ತೊಳೆದರೆ ಸಾಕು. ಡೆಟಾಲ್, ಅರಿಶಿನ, ಪೌಡರ್ ಯಾವುದೂ ಬೇಡ.

ನೀರು ಜಾಸ್ತಿ ಕುಡಿದರೆ ಹೊಲಿಗೆ ಹಸಿಯಾಗುತ್ತದೆ ಎಂದು ಮನೆಯ ಹಿರಿಯರು ತಡೆಯುತ್ತಾರೆ, ಅಲ್ವಾ? ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅದು ಸರಿಯಲ್ಲ. ನೀರು ಕಡಿಮೆಯಾದರೆ ಮೂತ್ರ ಗಟ್ಟಿಯಾಗಿ ಪೈಪ್ ಕಟ್ಟಿಕೊಳ್ಳಬಹುದು. ಹೃದಯದ ಅಥವಾ ಕಿಡ್ನಿಯ ತೊಂದರೆ ಇಲ್ಲದಿದ್ದರೆ ದಿನಕ್ಕೆ 2 ಲೀಟರ್‌ನಷ್ಟು ಕುಡಿಯಿರಿ. ಮಲಬದ್ಧತೆಯೂ ಮೂತ್ರಕ್ಕೆ ಅಡ್ಡಿ ಮಾಡುತ್ತದೆ. ಸೊಪ್ಪು, ಹಣ್ಣು ಬಿಡಬೇಡಿ.

ಕೆಲವರಿಗೆ ಬ್ಯಾಗಿನ ಬದಲು ಪೈಪಿನ ತುದಿಗೆ ನಲ್ಲಿಯಂಥ ವಾಲ್ವ್ ಹಾಕುತ್ತಾರೆ. ಇನ್ನು ಕೆಲವರಿಗೆ ಕೆಳಹೊಟ್ಟೆಯ ಮೂಲಕವೇ ಪೈಪ್ ಇಳಿಸಿರುತ್ತಾರೆ. ಇವೆರಡೂ ವೈದ್ಯರೇ ತೀರ್ಮಾನಿಸಬೇಕಾದವು. ಡೈಪರ್ ಮಾತ್ರ ಇದಕ್ಕೆ ಬದಲಿಯಲ್ಲ. ಅದು ಸೋರುವುದನ್ನು ಹೀರುತ್ತದೆ, ಒಳಗೆ ನಿಂತದ್ದನ್ನು ಹೊರಗೆ ತೆಗೆಯುವುದಿಲ್ಲ.

ನೀವೇ ಹಾಕಿ, ನೀವೇ ತೆಗೆಯುವ ಪೈಪ್

ಕೇಳಿದ ಕೂಡಲೇ ‘ಅಯ್ಯೋ, ನನ್ನಿಂದಾಗದು’ ಅನಿಸುತ್ತದೆ. ಆದರೂ ವೈದ್ಯರು ಒಪ್ಪಿದರೆ ಇದನ್ನೇ ಆರಿಸಿಕೊಳ್ಳಿ ಎಂದು ಹೇಳುತ್ತೇನೆ. ದಿನವಿಡೀ ಬ್ಯಾಗ್ ಇರುವುದಿಲ್ಲ, ಸೋಂಕಿನ ಭಯವೂ ಕಡಿಮೆ. ಅಮೆರಿಕದ ವೈದ್ಯ ಜ್ಯಾಕ್ ಲ್ಯಾಪಿಡಿಸ್ 1972ರಲ್ಲೇ ಇದಕ್ಕೆ ಆಪರೇಷನ್ ಥಿಯೇಟರಿನ ಶುದ್ಧಿ ಬೇಡ, ಚೆನ್ನಾಗಿ ತೊಳೆದ ಕೈ ಸಾಕು ಎಂದು ತೋರಿಸಿಕೊಟ್ಟರು. ಫಿಸ್ತುಲಾ ರಿಪೇರಿ ಆದವರಿಗೆ ಮಾತ್ರ ಇದು ಹೊಂದುವುದಿಲ್ಲ.

ಮೊದಲ ಸಲ ಸಿಸ್ಟರ್ ಎದುರಿಗೇ ಮಾಡಿ ಕಲಿಯಿರಿ. ಆಮೇಲೆ ಮನೆಯಲ್ಲಿ ಹೀಗೆ:

1. ಮೊದಲು ತಾನಾಗಿ ಎಷ್ಟು ಹೋಗುತ್ತದೋ ಅಷ್ಟು ಮೂತ್ರ ಮಾಡಿ. ಸುಮ್ನೆ ತಿಣುಕಬೇಡಿ.

2. ಕೈ ತೊಳೆಯಿರಿ. ಆ ಜಾಗವನ್ನು ಮುಂದಿನಿಂದ ಹಿಂದಕ್ಕೆ ಒರೆಸಿ.

3. ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತು ಮೊಣಕಾಲು ಮಡಚಿ. ಎದುರಿಗೆ ಕೈಗನ್ನಡಿ ಇರಲಿ. ಅಭ್ಯಾಸವಾದ ಮೇಲೆ ಕಮೋಡ್ ಮೇಲೂ ಮಾಡಬಹುದು.

4. ಒಂದು ಕೈಯಿಂದ ತುಟಿಯಂಥ ಮಡಿಕೆಗಳನ್ನು ಬಿಡಿಸಿ. ಮೇಲೆ ಕಾಳಿನಂಥ ಭಾಗ, ಕೆಳಗೆ ಯೋನಿ. ನಡುವೆ ಇರುವ ಚಿಕ್ಕ ರಂಧ್ರವೇ ಮೂತ್ರದ್ವಾರ.

5. ಆಸ್ಪತ್ರೆಯಲ್ಲಿ ಕೊಟ್ಟ ಜೆಲ್ಲಿ ಹಚ್ಚಿದ ಪೈಪನ್ನು ನಿಧಾನಕ್ಕೆ ತೂರಿಸಿ. ಹೆಂಗಸರಲ್ಲಿ ಈ ದಾರಿ ಬರೀ 4 ಸೆಂಟಿಮೀಟರ್‌ನಷ್ಟು. ಮೂತ್ರ ಬರತೊಡಗಿದ ಮೇಲೆ ಇನ್ನೆರಡು ಸೆಂಟಿಮೀಟರ್ ಒಳಗೆ ಹೋಗಲಿ.

6. ಹರಿವು ನಿಂತ ಮೇಲೆ ಮೆಲ್ಲಗೆ ಹೊರತೆಗೆಯಿರಿ. ಅಳತೆಯ ಜಾರ್‌ನಲ್ಲಿ ಎಷ್ಟು ಬಂತು ನೋಡಿ ಬರೆದಿಡಿ.

ಮೂತ್ರ ಬರಲೇ ಇಲ್ಲವೇ? ಪೈಪ್ ಬಹುಶಃ ಯೋನಿಯೊಳಗೆ ಹೋಗಿದೆ. ಗಾಬರಿ ಬೇಡ, ಏನೂ ಆಗುವುದಿಲ್ಲ. ಅದನ್ನು ಗುರುತಿಗೆ ಅಲ್ಲೇ ಬಿಟ್ಟು ಹೊಸ ಪೈಪನ್ನು ಅದರ ಮೇಲಿನ ರಂಧ್ರಕ್ಕೆ ಹಾಕಿ, ಆಮೇಲೆ ಎರಡನ್ನೂ ತೆಗೆಯಿರಿ. ಪೈಪ್ ತಡೆದರೆ ಒತ್ತಬೇಡಿ. ದೀರ್ಘವಾಗಿ ಉಸಿರು ಬಿಟ್ಟು ಮೈ ಸಡಿಲ ಮಾಡಿ, ಮತ್ತೆ ನೋಡಿ.

ಸಾಮಾನ್ಯವಾಗಿ 4ರಿಂದ 6 ಗಂಟೆಗೊಮ್ಮೆ ಮಾಡಬೇಕಾಗುತ್ತದೆ. ಒಂದು ಸಲಕ್ಕೆ 500 ಮಿಲಿಲೀಟರ್ ದಾಟುತ್ತಿದ್ದರೆ ಇನ್ನೂ ಬೇಗ ಬೇಗ ಮಾಡಿ. ದಿನ ಕಳೆದಂತೆ ಪೈಪಿನಲ್ಲಿ ಬರುವುದು ಕಡಿಮೆಯಾಗಿ, ತಾನಾಗಿ ಹೋಗುವುದು ಜಾಸ್ತಿಯಾಗುತ್ತದೆ. ನೀವು ಬರೆದಿಟ್ಟ ಆ ಲೆಕ್ಕ ನೋಡಿಯೇ ವೈದ್ಯರು ನಿಲ್ಲಿಸಲು ಹೇಳುತ್ತಾರೆ.

ತಕ್ಷಣ ಆಸ್ಪತ್ರೆಗೆ ಹೋಗಬೇಕಾದದ್ದು

ಚಳಿ ನಡುಕ, 100.4 ಡಿಗ್ರಿ ಫ್ಯಾರನ್‌ಹೀಟ್ ದಾಟಿದ ಜ್ವರ, ಪಕ್ಕೆ ನೋವು, ಮೂತ್ರದಲ್ಲಿ ರಕ್ತದ ಗಡ್ಡೆ ಕಂಡರೆ ಕಾಯಬೇಡಿ. ಬ್ಯಾಗಿಗೆ ಮೂತ್ರ ಬರುವುದು ನಿಂತು ಕೆಳಹೊಟ್ಟೆ ಬಿಗಿದರೆ ಮೊದಲು ಪೈಪ್ ಎಲ್ಲಾದರೂ ಮಡಚಿದೆಯೇ ನೋಡಿ. ಮಡಚಿಲ್ಲದಿದ್ದರೆ ಕೂಡಲೇ ಹೊರಡಿ. ಪೈಪ್ ತೆಗೆಸಿದ ದಿನವೂ ಇದೇ ಎಚ್ಚರಿಕೆ. ಬೆಳಿಗ್ಗೆ ತೆಗೆದ ಮೇಲೆ 6 ಗಂಟೆ ಕಳೆದರೂ ಮೂತ್ರ ಹೋಗದಿದ್ದರೆ, ಅಥವಾ ಅದಕ್ಕೂ ಮೊದಲೇ ಹೊಟ್ಟೆ ಬಿಗಿದು ನೋವು ಬಂದರೆ, ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಎನ್ನಬೇಡಿ.

ಡಿಸ್ಚಾರ್ಜ್ ಚೀಟಿಯಲ್ಲಿ ಪೈಪ್ ಹಾಕಿದ ದಿನ, ಅದರ ಗಾತ್ರ, ತೆಗೆಸಬೇಕಾದ ದಿನ, ರಾತ್ರಿ ಹೊತ್ತು ಫೋನ್ ಮಾಡಬೇಕಾದ ನಂಬರ್ ಈ ನಾಲ್ಕನ್ನೂ ಬರೆಸಿಕೊಂಡೇ ಆಸ್ಪತ್ರೆಯಿಂದ ಹೊರಡಿ.